ಪೋರ್ಚುಗೀಸರ ‘ಕ್ರಾವು’: ಹೂವಿಗೆ ಮೊಳೆಯ ಹೆಸರು ಬಂದಿದ್ದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಿಘಂಟು ತೆಗೆದರೆ ಒಂದೇ ಸಾಲು ಸಿಗುತ್ತದೆ: ‘ಕ್ರಾವು, ಲ್ಯಾಟಿನ್ನಿನ ಕ್ಲಾವುಸ್‌ನಿಂದ ಬಂದದ್ದು’. ಸಾಲು ಸರಿಯಾಗಿದೆ, ಆದರೆ ಅರ್ಧ ಕತೆಯನ್ನೇ ಬಿಟ್ಟಿದೆ. ಲ್ಯಾಟಿನ್ ಕೊಟ್ಟಿದ್ದು ಮೊಳೆಯನ್ನು ಮಾತ್ರ, ಹೂವನ್ನಲ್ಲ. ನಡುವೆ ಒಂದು ಸಾಂಬಾರ ಪದಾರ್ಥ ಇದೆ, ಅದು ನಮ್ಮ ಅಡುಗೆಮನೆಯಲ್ಲೂ ಇದೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೂ ಅವುಗಳಿಗೆ ಉತ್ತರವನ್ನೂ ಇಲ್ಲಿ ಹಾಕಿದ್ದೇನೆ.

ಕ್ರಾವು ಅಂದರೆ ಯಾವ ಹೂವು?

ನಾವು ಕಾರ್ನೇಷನ್ ಅಂತ ಕರೆಯುತ್ತೇವಲ್ಲ, ಅದೇ. ಅಂಚು ಹರಿದಂತೆ ಕಾಣುವ ದಳಗಳು ಒತ್ತೊತ್ತಾಗಿ ಇರುತ್ತವೆ, ಕೆಳಗೆ ಉದ್ದನೆಯ ಹಸಿರು ಕೊಳವೆ. ಬೆಂಗಳೂರಿನ ಸುತ್ತಮುತ್ತ ಪಾಲಿಹೌಸ್‌ಗಳಲ್ಲಿ ಬೆಳೆಯುತ್ತಾರೆ, ಬೊಕೆಯಲ್ಲಿ, ಮದುವೆ ಮಂಟಪದ ಅಲಂಕಾರದಲ್ಲಿ ಖಂಡಿತ ನೋಡಿರುತ್ತೀರಿ. ಸಸ್ಯಶಾಸ್ತ್ರದ ಹೆಸರು ಡಯಾಂಥಸ್ ಕ್ಯಾರಿಯೋಫಿಲಸ್. ಆ ಎರಡನೇ ಪದ ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬರೆಯೋದು ‘ಕ್ರಾವೊ’ ಅಲ್ವಾ? ‘ಕ್ರಾವು’ ಯಾಕೆ?

ಬರೆಯುವಾಗ ಕೊನೆಗೆ ‘ಒ’ ಅಕ್ಷರವೇ ಇರುತ್ತದೆ. ಆದರೆ ಪೋರ್ಚುಗೀಸರು ಪದದ ಕೊನೆಯಲ್ಲಿ ಒತ್ತಿಲ್ಲದ ‘ಒ’ ಬಂದರೆ ‘ಉ’ ಅಂತಲೇ ಹೇಳುತ್ತಾರೆ. ಅವರ ಬಾಯಲ್ಲಿ ಕೇಳಿಸುವ ಹಾಗೆ ಬರೆದಿದ್ದೇನೆ, ಅಷ್ಟೇ.

ಲ್ಯಾಟಿನ್ ಮೂಲ ಪದದ ಅರ್ಥ ಏನು?

ಕ್ಲಾವುಸ್ ಅಂದರೆ ಮೊಳೆ. ರೋಮನ್ನರು ಈ ಪದವನ್ನು ಇನ್ನೂ ಹಲವು ಕಡೆ ಬಳಸುತ್ತಿದ್ದರು: ಹಡಗಿನ ಚುಕ್ಕಾಣಿ ಹಿಡಿಕೆ, ಸೆನೆಟರುಗಳ ಬಟ್ಟೆಯ ಮೇಲಿನ ನೇರಳೆ ಪಟ್ಟಿ, ಅಂಗಾಲಿನಲ್ಲಿ ಆಗುವ ಗಟ್ಟಿ ಗಂಟು. ಈ ಕೊನೆಯದು ನನಗೆ ತುಂಬಾ ಇಷ್ಟ, ಯಾಕೆಂದರೆ ಕನ್ನಡದಲ್ಲೂ ಥೇಟ್ ಹೀಗೇ ಇದೆ. ನಮಗೂ ಆಣಿ ಅಂದರೆ ಮೊಳೆ, ‘ಕಾಲಲ್ಲಿ ಆಣಿ ಆಗಿದೆ’ ಅಂದರೆ ಅದೇ ಗಂಟು. ಎರಡು ಭಾಷೆಗೂ ಇಲ್ಲಿ ಯಾವ ಕೊಡುಕೊಳ್ಳುವಿಕೆಯೂ ಇಲ್ಲ, ಕಾಲಿಗೆ ಚುಚ್ಚಿದ ನೋವು ಇಬ್ಬರಿಗೂ ಒಂದೇ ಮಾತನ್ನು ಹೊಳೆಯಿಸಿದೆ. ಪೋರ್ಚುಗಲ್‌ನಲ್ಲಿ ಇವತ್ತಿಗೂ ಕೈಕಾಲಿನ ಮೇಲೆ ಏಳುವ ನರಹುಲಿಗೆ ಕ್ರಾವು ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ ಮುಖದ ಮೇಲಿನ ಕಪ್ಪು ಚುಕ್ಕೆಗೆ, ಅದೇ ಬ್ಲ್ಯಾಕ್‌ಹೆಡ್‌ಗೆ, ಕ್ರಾವು ಅಂತಾರೆ.

ಹಾಗಾದರೆ ರೋಮನ್ನರು ಈ ಹೂವನ್ನು ಕ್ಲಾವುಸ್ ಅಂತ ಕರೆಯುತ್ತಿದ್ದರಾ?

ಇಲ್ಲ. ಇಲ್ಲೇ ಬಹಳ ಜನ ದಾರಿ ತಪ್ಪೋದು. ಪದ ಲ್ಯಾಟಿನ್ನಿನದು ಅಂದ ಕೂಡಲೇ ಅದರ ಈಗಿನ ಅರ್ಥವೂ ಲ್ಯಾಟಿನ್ನಿನಲ್ಲಿತ್ತು ಅಂದುಕೊಳ್ಳುತ್ತಾರೆ. ರೋಮ್‌ನಲ್ಲಿ ಕ್ಲಾವುಸ್ ಬರೀ ಮೊಳೆ, ಅದಕ್ಕೆ ಪರಿಮಳವೂ ಇಲ್ಲ, ದಳವೂ ಇಲ್ಲ. ಹೂವಿನ ಅರ್ಥ ಸೇರಿಕೊಂಡಿದ್ದು ಆಮೇಲೆ, ಬೇರೆ ದಾರಿಯಲ್ಲಿ.

ಸರಿ, ಮೊಳೆ ಹೂವಾಗಿದ್ದು ಹೇಗೆ?

ಲವಂಗದ ಮೂಲಕ.

ಡಬ್ಬಿಯಿಂದ ಒಂದು ಲವಂಗ ತೆಗೆದು ಅಂಗೈಲಿಟ್ಟುಕೊಂಡು ನೋಡಿ. ಕೆಳಗೆ ಕಡ್ಡಿ, ಮೇಲೆ ದುಂಡನೆ ತಲೆ, ತಲೆಯ ಸುತ್ತ ನಾಲ್ಕು ಮೂಲೆ. ಸಣ್ಣದೊಂದು ಹಳೇ ಕಾಲದ ಮೊಳೆಯೇ. ಬೀಡಾ ಕಟ್ಟುವವರು ಎಲೆ ಮಡಚಿ ಬಿಚ್ಚದ ಹಾಗೆ ಅದನ್ನೇ ಚುಚ್ಚುತ್ತಾರಲ್ಲ, ಆಗ ಅದು ಮೊಳೆಯ ಕೆಲಸವನ್ನೂ ಮಾಡುತ್ತದೆ. ಈ ಹೋಲಿಕೆ ಹೊಳೆದಿದ್ದು ಲ್ಯಾಟಿನ್ ಮನೆತನದ ಭಾಷೆಗಳಿಗೆ ಮಾತ್ರ ಅಲ್ಲ. ಚೀನೀ ಭಾಷೆಯಲ್ಲೂ ಲವಂಗದ ಹೆಸರಲ್ಲಿ ಮೊಳೆ ಇದೆ, ಅದರ ಪಕ್ಕ ‘ಪರಿಮಳ’ ಸೇರಿಸಿಕೊಂಡಿದ್ದಾರೆ.

ಹೀಗೆ ಮೊದಲು ಮೊಳೆಯ ಹೆಸರು ಲವಂಗಕ್ಕೆ ಬಂತು. ಆಮೇಲೆ, ಯಾವ ಹೂವು ಮೂಸಿದರೆ ಲವಂಗದ ವಾಸನೆ ಬರುತ್ತಿತ್ತೋ ಆ ಹೂವಿಗೆ ಲವಂಗದ ಹೆಸರು ಬಂತು. ಮೊಳೆ, ಲವಂಗ, ಹೂವು, ಈ ಕ್ರಮ ತಪ್ಪಬಾರದು. ಇವತ್ತಿನ ಪೋರ್ಚುಗೀಸ್‌ನಲ್ಲಿ ಮೂರಕ್ಕೂ ಕ್ರಾವು ಅನ್ನಬಹುದು. ಆದರೆ ಗೋಡೆಗೆ ಹೊಡೆಯುವ ಮಾಮೂಲಿ ಮೊಳೆಗೆ ‘ಪ್ರೇಗು’ ಅನ್ನೋ ಬೇರೆ ಪದ ಬಂದುಬಿಟ್ಟಿದೆ, ಮೊಳೆಯ ಅರ್ಥದಲ್ಲಿ ಕ್ರಾವು ಈಗ ಉಳಿದಿರೋದು ಮುಖ್ಯವಾಗಿ ಕುದುರೆಯ ಲಾಳಕ್ಕೆ ಹೊಡೆಯುವ ಮೊಳೆಗೆ ಮತ್ತು ಏಸುವನ್ನು ಶಿಲುಬೆಗೆ ಹೊಡೆದ ಮೊಳೆಗಳಿಗೆ.

ಇನ್ನೊಂದು ವಿಷಯ. ಲವಂಗ ಬೀಜವೂ ಅಲ್ಲ, ಕಾಯಿಯೂ ಅಲ್ಲ, ಅದು ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಆ ದುಂಡನೆ ತಲೆಯನ್ನು ಉಗುರಿಂದ ಮೆಲ್ಲಗೆ ಬಿಡಿಸಿದರೆ ಒಂದರ ಮೇಲೊಂದು ಮುಚ್ಚಿಕೊಂಡ ದಳಗಳು ಕಾಣುತ್ತವೆ, ಒಳಗೆ ಕೇಸರಗಳು ಮುದುರಿ ಕೂತಿರುತ್ತವೆ. ಅಂದರೆ ಒಂದು ಹೂವಿನ ಹೆಸರೇ ಇನ್ನೊಂದು ಹೂವಿಗೆ ಹೋಗಿದೆ.

ಹೂವಿನಂಗಡಿಯ ಕಾರ್ನೇಷನ್‌ಗೆ ಲವಂಗದ ವಾಸನೆಯೇ ಬರಲ್ವಲ್ಲ?

ಈಗಿನ ಅಂಗಡಿ ತಳಿಗಳಲ್ಲಿ ಪರಿಮಳ ತೀರಾ ಕಡಿಮೆ. ಕಾಂಡ ಉದ್ದ ಇರಬೇಕು, ಕಿತ್ತ ಮೇಲೆ ಜಾಸ್ತಿ ದಿನ ಬಾಡಬಾರದು, ಬಣ್ಣ ಗಾಢವಾಗಿರಬೇಕು ಅಂತ ತಳಿ ಆರಿಸುತ್ತಾ ಹೋದರು, ಆ ದಾರಿಯಲ್ಲಿ ವಾಸನೆ ಕಳೆದುಹೋಯಿತು. ಹಳೆಯ ತೋಟದ ತಳಿಗಳಲ್ಲಿ ಈಗಲೂ ಇದೆ. ಅದಕ್ಕೆ ಕಾರಣ ಯೂಜಿನಾಲ್ ಅನ್ನೋ ರಾಸಾಯನಿಕ, ಲವಂಗದ ಎಣ್ಣೆಯಲ್ಲಿ ಬಹುಪಾಲು ಇರೋದೂ ಅದೇ. ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯ ಘಾಟು ಗೊತ್ತಲ್ಲ, ಅದೇ ವಾಸನೆ ಹೂವಿನಲ್ಲಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಬರುತ್ತದೆ. ಹೆಸರಿಟ್ಟ ಹಳಬರ ಮೂಗನ್ನು ನಾನು ಪೂರ್ತಿ ನಂಬುತ್ತೇನೆ.

ವಾಸನೆಯಿಂದಲೇ ಬಂದದ್ದು ಅಂತ ಹೇಗೆ ಹೇಳ್ತೀರಿ? ಹೂವಿನ ಆಕಾರವೂ ಮೊಳೆ ಥರ ಇದೆಯಲ್ಲ?

ಆಕಾರದ ವಾದವೂ ಇದೆ, ಆ ಹಸಿರು ಕೊಳವೆ, ಮೇಲೆ ಅಗಲ ತಲೆ. ಹೋಲುತ್ತದೆ, ಇಲ್ಲ ಅನ್ನಲ್ಲ. ಆದರೆ ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಲವಂಗವನ್ನು ದಾಟಿ ಹೋಗೋಕೆ ಆಗಲ್ಲ.

ಇಟಾಲಿಯನ್ ತೆಗೆದುಕೊಳ್ಳಿ. ಅಲ್ಲಿ ಮೊಳೆ ‘ಕ್ಯೋದೊ’, ಹೂವು ‘ಗರೋಫನೊ’, ಲವಂಗ ‘ಕ್ಯೋದೊ ದಿ ಗರೋಫನೊ’. ಈ ಗರೋಫನೊ ಗ್ರೀಕಿನ ‘ಕರ್ಯೋಫುಲ್ಲೊನ್’ ಅನ್ನೋ ಪದದಿಂದ ಬಂದದ್ದು, ಅದರ ಅರ್ಥ ಲವಂಗ. ಮೊಳೆಯ ಮಾತೇ ಇಲ್ಲದ ಪದ ಕೂಡ ಲವಂಗದಿಂದ ಈ ಹೂವಿಗೇ ಬಂದು ಸೇರಿದೆ. ಆಕಾರವೊಂದೇ ಕಾರಣ ಆಗಿದ್ದರೆ ಹೀಗಾಗುತ್ತಿರಲಿಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಹೂವಿಗೆ ಕ್ಯಾರಿಯೋಫಿಲಸ್ ಅಂತ ಹೆಸರಿಟ್ಟಾಗ ಬಳಸಿದ್ದೂ ಇದೇ ಗ್ರೀಕ್ ಪದವನ್ನು. ಜರ್ಮನ್‌ನಲ್ಲಿ ‘ನೆಲ್ಕ’ ಅಂದರೆ ಈ ಹೂವು, ಲವಂಗವೂ ಹೌದು, ಮೂಲದಲ್ಲಿ ‘ಚಿಕ್ಕ ಮೊಳೆ’. ಪರ್ಷಿಯನ್‌ನ ‘ಮೀಖಕ್’ ಕೂಡ ಹಾಗೇ: ಚಿಕ್ಕ ಮೊಳೆ, ಲವಂಗ, ಕಾರ್ನೇಷನ್, ಮೂರೂ ಒಂದೇ ಪದದಲ್ಲಿ. ಸ್ಪ್ಯಾನಿಷ್ ಮಾತ್ರ ಸ್ವಲ್ಪ ಬೇರೆ ಮಾಡಿಕೊಂಡಿದೆ, ಮೊಳೆಗೂ ಲವಂಗಕ್ಕೂ ‘ಕ್ಲಾವೊ’, ಹೂವಿಗೆ ‘ಕ್ಲಾವೆಲ್’. ಆ ಕ್ಲಾವೆಲ್ ಕ್ಯಾಟಲನ್ ಭಾಷೆಯಿಂದ ಬಂದದ್ದು.

ರೋಮನ್ನರಿಗೆ ಲವಂಗ ಗೊತ್ತಿತ್ತಾ?

ಗೊತ್ತಿತ್ತು. ಕ್ರಿ.ಶ. ಒಂದನೇ ಶತಮಾನದ ಪ್ಲಿನಿ ತನ್ನ ಬರಹದಲ್ಲಿ, ಭಾರತದಲ್ಲಿ ಮೆಣಸಿನ ಕಾಳಿನಂಥ, ಆದರೆ ಅದಕ್ಕಿಂತ ದೊಡ್ಡದಾದ, ಬೇಗ ಮುರಿಯುವ ಒಂದು ಪದಾರ್ಥ ಇದೆ, ಪರಿಮಳಕ್ಕಾಗಿ ತರಿಸುತ್ತಾರೆ ಅಂತ ಹೇಳುತ್ತಾನೆ. ಅವನು ಕೊಡುವ ಹೆಸರು ಆ ಗ್ರೀಕ್ ಪದವೇ, ಕ್ಲಾವುಸ್ ಅಲ್ಲ.

ಕ್ಲಾವುಸ್ ‘ಕ್ರಾವು’ ಆಗೋವಾಗ ‘ಲ’ ಎಲ್ಲಿ ಹೋಯಿತು?

ಮೊದಲು ಕೊನೆಯಿಂದ ಶುರು ಮಾಡೋಣ. ಪೋರ್ಚುಗೀಸ್ ನಾಮಪದಗಳು ಸಾಮಾನ್ಯವಾಗಿ ಲ್ಯಾಟಿನ್ನಿನ ದ್ವಿತೀಯಾ ವಿಭಕ್ತಿ ರೂಪದಿಂದ ಬಂದಿವೆ. ಹಾಗಾಗಿ ಹಿಡಿಯಬೇಕಾದ್ದು ‘ಕ್ಲಾವುಮ್’ ಅನ್ನೋ ರೂಪ. ಆಡುಮಾತಿನ ಲ್ಯಾಟಿನ್‌ನಲ್ಲೇ ಕೊನೆಯ ‘ಮ್’ ಬಿದ್ದುಹೋಗಿತ್ತು, ‘ಕ್ಲಾವು’ ಉಳಿಯಿತು.

ಇನ್ನು ‘ಕ್ಲ’ ‘ಕ್ರ’ ಆಗಿದ್ದು. ವ್ಯಂಜನದ ಹಿಂದೆ ಬಂದ ‘ಲ’ವನ್ನು ‘ರ’ ಮಾಡೋದು ಪೋರ್ಚುಗೀಸ್‌ಗೆ ತೀರಾ ಸಹಜ. ಗೋವಾಕ್ಕೆ ಹೋದವರು ‘ಒಬ್ರಿಗಾದು’ ಅಂದರೆ ಧನ್ಯವಾದ ಅಂತ ಕೇಳಿರುತ್ತೀರಿ, ಅದು ಲ್ಯಾಟಿನ್ನಿನ ‘ಒಬ್ಲಿಗಾತುಸ್’. ಸಮುದ್ರ ತೀರಕ್ಕೆ ‘ಪ್ರಾಯಾ’, ಮೂಲ ‘ಪ್ಲಾಗಿಯಾ’. ಊರಿನ ಚೌಕಕ್ಕೆ ‘ಪ್ರಾಸಾ’, ಮೂಲ ‘ಪ್ಲಾತೇಯಾ’.

ಆದರೆ ಲ್ಯಾಟಿನ್ನಿನ ‘ಕ್ಲ’ ಪೋರ್ಚುಗೀಸ್‌ನಲ್ಲಿ ‘ಶ’ ಆಗಬೇಕು ಅಂತ ಓದಿದ್ದೇನೆ. ‘ಶಾವು’ ಯಾಕೆ ಆಗಲಿಲ್ಲ?

ಇದು ನಿಜಕ್ಕೂ ಒಳ್ಳೆ ಪ್ರಶ್ನೆ. ಹೌದು, ತುಂಬಾ ಹಳೆಯ ಪದರದಲ್ಲಿ ಪದದ ಮೊದಲಲ್ಲಿ ಬರುವ ‘ಕ್ಲ’, ‘ಪ್ಲ’, ‘ಫ್ಲ’ ಮೂರೂ ಒಂದೇ ಕಡೆ ಬಂದು ಸೇರಿದವು. ಮಳೆಗೆ ಲ್ಯಾಟಿನ್ ‘ಪ್ಲುವಿಯಾ’, ಪೋರ್ಚುಗೀಸ್ ‘ಶೂವಾ’. ಜ್ವಾಲೆಗೆ ‘ಫ್ಲಾಮ್ಮಾ’, ಈಗ ‘ಶಾಮಾ’. ಕೀಲಿಕೈಗೆ ‘ಕ್ಲಾವಿಸ್’, ಈಗ ‘ಶಾವಿ’. ಇವೆಲ್ಲ ಒಮ್ಮೆಯೂ ಬಾಯಿ ಬಿಟ್ಟು ಹೋಗದೆ ತಲೆಮಾರಿಂದ ತಲೆಮಾರಿಗೆ ಬಂದ ಮನೆಮಾತಿನ ಪದಗಳು.

‘ಕ್ರ’, ‘ಪ್ರ’ ಆದ ಪದಗಳು ಆಮೇಲಿನ ಪದರ. ಚರ್ಚಿನ ಮೂಲಕ, ಓದುಬರಹದವರ ಮೂಲಕ, ವ್ಯಾಪಾರದ ಮೂಲಕ ಮತ್ತೆ ಲ್ಯಾಟಿನ್ ರೂಪಕ್ಕೆ ಹತ್ತಿರವಾಗಿ ಬಂದವು, ಅಷ್ಟರಲ್ಲಿ ‘ಶ’ ಮಾಡುವ ಅಭ್ಯಾಸ ನಿಂತುಹೋಗಿತ್ತು, ‘ರ’ ಮಾಡುವ ಅಭ್ಯಾಸ ಮಾತ್ರ ಇತ್ತು. ಕ್ರಾವು ಈ ಗುಂಪಿನದು.

ಈ ಪದರಗಳನ್ನು ಒಂದೇ ಕಡೆ ನೋಡಬೇಕು ಅಂದರೆ ಲ್ಯಾಟಿನ್ನಿನ ‘ಕ್ಲಾವಿಕುಲಾ’ ಪದ ಹಿಡಿಯಿರಿ, ‘ಚಿಕ್ಕ ಕೀಲಿ’ ಅಂತ ಅರ್ಥ. ಅದು ಪೋರ್ಚುಗೀಸ್‌ಗೆ ಮೂರು ಸಲ ಬಂದಿದೆ. ಹಳೇ ದಾರಿಯಲ್ಲಿ ‘ಶವೆಲ್ಯ’, ನೊಗ, ಗಾಡಿಗಳಿಗೆ ಸಿಕ್ಕಿಸುವ ಗೂಟ. ನಡುದಾರಿಯಲ್ಲಿ ‘ಕ್ರವೆಲ್ಯ’, ಗಿಟಾರಿನ ತಂತಿ ಬಿಗಿ ಮಾಡುವ ಕಿವಿ. ಕೊನೆಗೆ ವೈದ್ಯರ ಪುಸ್ತಕದಿಂದ ನೇರವಾಗಿ ‘ಕ್ಲವಿಕುಲ’, ಭುಜದ ಹತ್ತಿರದ ಕೊರಳೆಲುಬು. ರೈತ, ವಾದ್ಯಗಾರ, ವೈದ್ಯ ಮೂವರ ಕೈಗೂ ಒಂದೇ ಪದ ಮೂರು ರೂಪದಲ್ಲಿ ಸಿಕ್ಕಿದೆ. ಭಾಷೆ ಹೇಗೆ ಪದರ ಪದರವಾಗಿ ಬೆಳೆಯುತ್ತದೆ ಅಂತ ತೋರಿಸೋಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಉತ್ತರ ಕರ್ನಾಟಕದ ‘ಚಾವಿ’ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಹತ್ತಿರದ್ದೇ. ಬೀಗದ ಕೈಗೆ ನಾವು ಹೇಳುವ ಚಾವಿ, ಹಿಂದಿಯವರ ಚಾಬಿ, ಎರಡೂ ಪೋರ್ಚುಗೀಸರ ‘ಶಾವಿ’ಯಿಂದ ಬಂದವು, ಅಂದರೆ ಲ್ಯಾಟಿನ್ನಿನ ಕ್ಲಾವಿಸ್‌ನಿಂದ. ಕ್ಲಾವಿಸ್ ಮತ್ತು ಕ್ಲಾವುಸ್ ಒಂದೇ ಮೂಲದ ಪದಗಳು, ಗೂಟ, ಕೊಕ್ಕೆ ಅನ್ನೋ ಅರ್ಥದಿಂದ ಎರಡೂ ಹುಟ್ಟಿವೆ. ಹಾಗಾಗಿ ಚಾವಿ ಮತ್ತು ಕ್ರಾವು ದಾಯಾದಿಗಳು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅವರದು ‘ಶಾ’, ನಮ್ಮದು ‘ಚಾ’ ಯಾಕೆ? ನಾವು ಬದಲಾಯಿಸಿದ್ದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದಾಗ ಅವರೂ ‘ಚಾ’ ಅಂತಲೇ ಹೇಳುತ್ತಿದ್ದರು. ಆಮೇಲೆ ಲಿಸ್ಬನ್‌ನಲ್ಲಿ ಅದು ‘ಶಾ’ ಆಯಿತು. ಪೋರ್ಚುಗಲ್‌ನ ಉತ್ತರದ ಕೆಲವು ಹಳ್ಳಿಗಳಲ್ಲಿ ಮತ್ತು ಹುಬ್ಬಳ್ಳಿ ಧಾರವಾಡದ ಮನೆಗಳಲ್ಲಿ ಆ ಹಳೇ ‘ಚ’ ಉಳಿದಿದೆ.

ಕರಾವಳಿಯವರು ಚರ್ಚಿಗೆ ಹೇಳುವ ‘ಇಗರ್ಜಿ’ಯನ್ನೂ ಪಕ್ಕದಲ್ಲಿಟ್ಟು ನೋಡಿ. ಪೋರ್ಚುಗೀಸ್ ‘ಇಗ್ರೇಜಾ’, ಲ್ಯಾಟಿನ್ ‘ಎಕ್ಲೇಸಿಯಾ’. ಇಲ್ಲಿ ಅದೇ ‘ಕ್ಲ’ ಪದದ ನಡುವೆ ಸಿಕ್ಕಿಕೊಂಡು ‘ಗ್ರ’ ಆಗಿದೆ. ಲ್ಯಾಟಿನ್ನಿನ ಒಂದು ‘ಕ್ಲ’ ಹಿಡಿದ ಎರಡು ದಾರಿಗಳು ನಮ್ಮ ಆಡುಮಾತಿನಲ್ಲೇ ಇವೆ, ಲಿಸ್ಬನ್‌ಗೆ ಹೋಗಿ ಹುಡುಕಬೇಕಾಗಿಲ್ಲ.

‘ಹೂವು’ ಅನ್ನೋ ಪದಕ್ಕೂ ಹೀಗೇ ‘ರ’ ಬಂದಿತ್ತಾ?

ಬಂದಿತ್ತು! ಈಗ ಹೂವಿಗೆ ‘ಫ್ಲೋರ್’ ಅಂತಾರೆ, ಲ್ಯಾಟಿನ್ ‘ಫ್ಲೋರೆಮ್’. ಆದರೆ 13ನೇ ಶತಮಾನದ ಹಾಡುಗಳಲ್ಲಿ ‘ಫ್ರೋರ್’, ‘ಫ್ರೋಲ್’ ಅನ್ನೋ ರೂಪಗಳು ಸಿಗುತ್ತವೆ. ಆಮೇಲೆ ಲ್ಯಾಟಿನ್ ಓದಿದವರ ಪ್ರಭಾವದಿಂದ ‘ಫ್ಲೋರ್’ ಗೆದ್ದಿತು. ಕ್ರಾವು ಮಾತ್ರ ತನ್ನ ‘ರ’ ಉಳಿಸಿಕೊಂಡಿತು, ಸಂತೆಯ ಪದ, ಅಡುಗೆಮನೆಯ ಪದ, ಅದನ್ನು ತಿದ್ದೋಕೆ ಯಾರೂ ಹೋಗಲಿಲ್ಲ ಅಂತ ನನ್ನ ಅನಿಸಿಕೆ.

ಲವಂಗಕ್ಕೆ ‘ಭಾರತದ ಕ್ರಾವು’ ಅಂತ ಯಾಕೆ ಹೇಳುತ್ತಾರೆ? ಲವಂಗ ನಮ್ಮದಾ?

ಒಂದೇ ಪದ ಎರಡಕ್ಕೂ ಆದಾಗ ಬಿಡಿಸಿ ಹೇಳಬೇಕಾಯಿತು. ಹೂವಿಗೆ ಬರೀ ಕ್ರಾವು, ಸಾಂಬಾರಕ್ಕೆ ‘ಕ್ರಾವು-ದ-ಇಂದಿಯಾ’ ಅಥವಾ ‘ಕ್ರವೀನ್ಯು’, ಅಂದರೆ ಚಿಕ್ಕ ಕ್ರಾವು.

ಆದರೆ ಲವಂಗದ ಮರದ ತವರು ಭಾರತ ಅಲ್ಲ, ಈಗಿನ ಇಂಡೋನೇಷ್ಯಾದ ಮಲುಕು ದ್ವೀಪಗಳು, ಅದರಲ್ಲೂ ತೆರ್ನಾತೆ, ತಿದೋರೆಯಂಥ ಪುಟ್ಟ ದ್ವೀಪಗಳು. ಅಲ್ಲಿಂದ ಈಗಿನ ಮಲೇಷ್ಯಾದ ಬಂದರು ಮಲಾಕ್ಕಾ, ಮಲಾಕ್ಕಾದಿಂದ ಮಲಬಾರಿನ ಬಂದರುಗಳು, ಅಲ್ಲಿಂದ ಅರಬ್ ವ್ಯಾಪಾರಿಗಳ ಕೈಗೆ, ಕೊನೆಗೆ ವೆನಿಸ್. ಯುರೋಪಿನವರ ಲೆಕ್ಕದಲ್ಲಿ ಪೂರ್ವದಿಂದ ಬಂದದ್ದೆಲ್ಲ ಇಂಡಿಯಾದ್ದೇ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ, 1511ರಲ್ಲಿ ಪೋರ್ಚುಗೀಸರು ಮಲಾಕ್ಕಾ ಹಿಡಿದರು, ಮುಂದಿನ ವರ್ಷವೇ ಮಲುಕು ತಲುಪಿದರು. ಗೋವಾದಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಗಿಡಮೂಲಿಕೆಗಳ ಪುಸ್ತಕದಲ್ಲಿ ಕ್ರಾವು ಬಗ್ಗೆಯೇ ಒಂದು ಅಧ್ಯಾಯ ಇದೆ, ಅದು ಲವಂಗದ ಬಗ್ಗೆ. ನಮ್ಮ ‘ಲವಂಗ’ ಪದ ಸಂಸ್ಕೃತದಿಂದ ಬಂದದ್ದು, ಅದಕ್ಕೂ ಕ್ಲಾವುಸ್‌ಗೂ ನಂಟಿಲ್ಲ.

ಪೋರ್ಚುಗಲ್‌ನ ಕ್ರಾಂತಿಗೂ ಈ ಹೂವಿಗೂ ಏನು ಸಂಬಂಧ?

1974ರ ಏಪ್ರಿಲ್ 25. 1926ರಿಂದ ನಡೆದುಬಂದಿದ್ದ ಸರ್ವಾಧಿಕಾರವನ್ನು ಸೈನ್ಯದ ಕಿರಿಯ ಅಧಿಕಾರಿಗಳು ಬೀಳಿಸಿದ ದಿನ. ಲಿಸ್ಬನ್‌ನ ಒಂದು ರೆಸ್ಟೋರೆಂಟ್‌ನಲ್ಲಿ ಕೆಲಸ ಮಾಡುತ್ತಿದ್ದ ಸೆಲೆಸ್ತೆ ಕಾಯೇರು ಅನ್ನೋ ಹೆಂಗಸು ಅವತ್ತು ಬೆಳಿಗ್ಗೆ ಕೆಲಸಕ್ಕೆ ಹೋದರು. ರೆಸ್ಟೋರೆಂಟ್ ತೆರೆದು ಸರಿಯಾಗಿ ಒಂದು ವರ್ಷ ಆಗಿತ್ತು, ಗಿರಾಕಿಗಳಿಗೆ ಕೊಡೋಕೆ ಕಾರ್ನೇಷನ್ ತರಿಸಿಟ್ಟಿದ್ದರು. ಗಲಾಟೆ ಅಂತ ಬಾಗಿಲು ಹಾಕಿದರು, ಹೂವು ಹಾಳಾಗೋದು ಬೇಡ ತೆಗೆದುಕೊಂಡು ಹೋಗಿ ಅಂದರು. ದಾರಿಯಲ್ಲಿ ಟ್ಯಾಂಕ್ ಮೇಲಿದ್ದ ಸೈನಿಕನೊಬ್ಬ ಸಿಗರೇಟ್ ಇದೆಯಾ ಅಂತ ಕೇಳಿದ. ಅವರು ಸಿಗರೇಟ್ ಸೇದುತ್ತಿರಲಿಲ್ಲ, ಕೈಲಿದ್ದ ಒಂದು ಹೂವು ಕೊಟ್ಟರು. ಅವನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಉಳಿದ ಸೈನಿಕರೂ ತೆಗೆದುಕೊಂಡರು, ಹೂ ಮಾರುವವರೂ ಹಂಚತೊಡಗಿದರು. ಅದಕ್ಕೇ ಅದು ಕ್ರಾವುಗಳ ಕ್ರಾಂತಿ. ಸೆಲೆಸ್ತೆ 2024ರ ನವೆಂಬರ್‌ನಲ್ಲಿ ತೀರಿಕೊಂಡರು, 91 ವರ್ಷ ಆಗಿತ್ತು. ಈಗಲೂ ಪ್ರತಿ ಏಪ್ರಿಲ್ 25ಕ್ಕೆ ಜನ ಕೆಂಪು ಕ್ರಾವು ಎದೆಗೆ ಸಿಕ್ಕಿಸಿಕೊಂಡು ಬೀದಿಗಿಳಿಯುತ್ತಾರೆ.

ಇದರಲ್ಲಿ ನಮಗೂ ಸಂಬಂಧಿಸಿದ್ದು ಇದೆ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ್ದನ್ನು ಆ ಹಳೇ ಸರ್ಕಾರ ಒಪ್ಪಿರಲೇ ಇಲ್ಲ. ಕ್ರಾಂತಿ ಆದ ವರ್ಷವೇ, ಡಿಸೆಂಬರ್ 31ರಂದು, ಪೋರ್ಚುಗಲ್ ಒಪ್ಪಂದಕ್ಕೆ ಸಹಿ ಹಾಕಿ ಒಪ್ಪಿಕೊಂಡಿತು.

ಚೆಂಡು ಹೂವಿಗೂ ಕ್ರಾವು ಅಂತಾರಂತೆ, ನಿಜಾನಾ?

ನಿಜ. ಬ್ರೆಜಿಲ್‌ನಲ್ಲಿ ಚೆಂಡು ಹೂವು ‘ಕ್ರಾವು-ದೆ-ದೆಫುಂತು’, ಅಂದರೆ ಸತ್ತವರ ಕ್ರಾವು. ಗಿಡದ ಜಾತಿಯೇ ಬೇರೆ, ತವರು ಅಮೆರಿಕ ಖಂಡ. ಒತ್ತೊತ್ತಾದ ದಳ ನೋಡಿ ಗೊತ್ತಿದ್ದ ಹೂವಿನ ಹೆಸರನ್ನೇ ಕೊಟ್ಟಿದ್ದಾರೆ. ಇಲ್ಲಿಗೆ ಬರುವಷ್ಟರಲ್ಲಿ ಮೊಳೆ ಯಾರಿಗೂ ನೆನಪಿಲ್ಲ.

ಪೋರ್ಚುಗೀಸ್ ಹೂವಿನ ಹೆಸರುಗಳೆಲ್ಲ ಲ್ಯಾಟಿನ್ನಿನವೇನಾ?

ಅಲ್ಲ. ‘ರೋಜಾ’, ‘ವಿಯೊಲೇತಾ’ ಲ್ಯಾಟಿನ್, ‘ಲೀರಿಯು’ ಕೂಡ (ಲೀಲಿಯುಮ್, ಇಲ್ಲೂ ಒಂದು ‘ಲ’ ‘ರ’ ಆಗಿದೆ ನೋಡಿ). ಸೂರ್ಯಕಾಂತಿಗೆ ‘ಜಿರಸೋಲ್’, ತಿರುಗು ಮತ್ತು ಸೂರ್ಯ. ಬಿಳಿ ಲಿಲ್ಲಿಗೆ ‘ಅಸುಸೇನಾ’ ಅಂತಾರೆ, ಅದು ಅರಬ್ಬಿಯಿಂದ ಬಂದದ್ದು. ‘ಜಶ್ಮೀಂ’ ಪರ್ಷಿಯನ್‌ನಿಂದ, ನಮ್ಮ ಮಲ್ಲಿಗೆಯ ಬಳಗ. ಡೇಸಿಯಂಥ ಒಂದು ಹೂವಿಗೆ ‘ಮಲ್ಮೆಕೆರ್’, ‘ನನ್ನನ್ನು ಇಷ್ಟಪಡಲ್ಲ’ ಅಂತ ಅರ್ಥ. ದಳ ಕೀಳುತ್ತಾ ‘ಇಷ್ಟ, ಇಷ್ಟ ಇಲ್ಲ’ ಅಂತ ಎಣಿಸುವ ಆಟದಿಂದ ಬಂದ ಹೆಸರು.

‘ಒಂದೇಟು ಕ್ರಾವುಗೆ, ಒಂದೇಟು ಲಾಳಕ್ಕೆ’ ಅನ್ನೋ ಗಾದೆಯಲ್ಲಿ ಬರೋದು ಹೂವಾ?

ಅಲ್ಲ, ಅಲ್ಲಿರೋದು ಲಾಳದ ಮೊಳೆ. ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತಾ ಯಾವ ಕಡೆಗೂ ನಿಲ್ಲದವರ ಬಗ್ಗೆ ಹೇಳುವ ಮಾತು.

ಸಂಗೀತದವರು ‘ಕ್ರಾವು’ ಅಂದರೆ?

ಹಾರ್ಪ್ಸಿಕಾರ್ಡ್, ಪಿಯಾನೋಗಿಂತ ಹಳೆಯ ವಾದ್ಯ. ಅದಕ್ಕೆ ಮೊಳೆಯೂ ಕಾರಣ ಅಲ್ಲ, ಲವಂಗವೂ ಅಲ್ಲ. ಅದು ಕೀಲಿಯ ಪದದಿಂದ, ಕ್ಲಾವಿಸ್‌ನಿಂದ ಬಂದದ್ದು, ಬೆರಳಿಂದ ಒತ್ತುವ ಮನೆಗಳಿಗೆ ಕೀಲಿ ಅಂತ ಹೆಸರು. ನಮ್ಮ ಚಾವಿಯ ಕಡೆಯ ನೆಂಟ ಅದು.